ಬೋಂಡ ಕಟ್ಟಿಕೊಟ್ಟ ಪೇಪರು



ಈ ವಾರ ತೋಟದ ವಿಷಯ ಕಮ್ಮಿ. ರಾಗಿ ಕಣಕ್ಕೆ ಬಂತು, ಅವರೆಗೆ ಇಬ್ಬನಿ ಚೆನ್ನಾಗಿ ಬೀಳ್ತಾ ಇದೆ, ಸೊಗಡು ಬರೋಕೆ ಶುರುವಾಗಿದೆ, ಅಷ್ಟು ಸಾಕು. ತೆಂಗಿನ ಬಿಳಿ ನೊಣದ ಬಗ್ಗೆ ಫೋನ್ ಮಾಡಿದವರಿಗೆ ಮುಂದಿನ ವಾರ ಬರೀತೀನಿ. ಇವತ್ತು ನಿಮ್ಮ ಜೊತೆ ಜಗಳ ಆಡಬೇಕು ಅಂತಲೇ ಕೂತಿದೀನಿ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಿ.

ಮೊನ್ನೆ ಶನಿವಾರ ಸ್ಟ್ಯಾಂಡ್ ಹತ್ರ ಟೀ ಅಂಗಡೀಲಿ ನಾವು ಏಳೆಂಟು ಜನ ಕೂತಿದ್ವಿ. ಅಂಗಡಿ ಹುಡುಗ ಬೋಂಡ ಕಟ್ಟೋಕೆ ಅಂತ ಬೆಂಚಿನ ಮೇಲಿದ್ದ ಪೇಪರ್ ಹರಿದ. ಅದು ನಮ್ಮ ತಾಲ್ಲೂಕಿನ ವಾರಪತ್ರಿಕೆ, ಅದೇ ವಾರದ್ದು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ನಮ್ಮಲ್ಲೊಬ್ಬರು "ಇದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ ಬಿಡಪ್ಪ" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಕೊಟ್ಟಿಗೇಲಿ ಹಾಲು ಕರೀತಾ ಕೂತಾಗ ಜ್ಞಾಪಕ ಬಂತು. ಆ ಪತ್ರಿಕೆಗೆ ನಾನು ಮೂರು ವರ್ಷದ ಚಂದಾ ಬಾಕಿ. ವರ್ಷಕ್ಕೆ ಮುನ್ನೂರು ರೂಪಾಯಿ. ಪತ್ರಿಕೆ ಮಾತ್ರ ಒಂದು ವಾರವೂ ತಪ್ಪದೆ ಅಂಚೇಲಿ ಬರ್ತಾ ಇದೆ.

ಆ ಪತ್ರಿಕೆ ಬಗ್ಗೆ ನಾವು ಏನೇನು ಮಾತಾಡ್ತೀವಿ ಅನ್ನೋದು ನಿಮಗೂ ಗೊತ್ತು. ಒಂದು, ಅದು ಬ್ಲಾಕ್‌ಮೇಲ್ ಪೇಪರ್. ಇನ್ನೊಂದು, ಬರೀ ಹುಟ್ಟುಹಬ್ಬದ ಶುಭಾಶಯ, ಕೈಮುಗಿದ ಫೋಟೋ. ಮತ್ತೊಂದು, ಕನ್ನಡ ತಪ್ಪು. ಕೊನೇದು, ವಾಟ್ಸಾಪಲ್ಲಿ ಮೊದಲೇ ಬಂದಿರುತ್ತೆ, ಪೇಪರ್ ಯಾಕೆ.

ಕನ್ನಡದ ವಿಷಯ ಮೊದಲು ಮುಗಿಸಿಬಿಡ್ತೀನಿ. ಹೌದು, ತಪ್ಪಿರುತ್ತೆ. ನಮ್ಮ ದೊಡ್ಡಪ್ಪ ತೀರ್ಕೊಂಡಾಗ ಹಾಕಿದ ಸುದ್ದೀಲಿ ಅವರ ವಯಸ್ಸು 87ರ ಬದಲು 78 ಅಂತ ಬಂದಿತ್ತು. ಬರೆಯೋರು, ಟೈಪ್ ಮಾಡೋರು, ಮಡಚಿ ಅಂಚೆಗೆ ಹಾಕೋರು ಎಲ್ಲ ಒಬ್ಬರೇ ಆದ್ರೆ ಹಂಗೇ ಆಗೋದು. ಒಂಟಿ ಆಳು ಕಳೆ ಕಿತ್ತ ಹೊಲ ನೋಡಿಲ್ವಾ ನೀವು?

ಈಗ ಬ್ಲಾಕ್‌ಮೇಲ್. ಇದನ್ನ ಸುಳ್ಳು ಅನ್ನಲ್ಲ. ಬೈಕಿಗೆ 'ಪ್ರೆಸ್' ಅಂತ ಅಂಟಿಸ್ಕೊಂಡು, ಕೊರಳಿಗೆ ಕಾರ್ಡ್ ಹಾಕ್ಕೊಂಡು ಓಡಾಡೋರು ಇದಾರೆ. ನಾನು ಒಂದು ಬೇಸಿಗೇಲಿ ಕೆರೆ ಗೋಡು ಹೊಡೆಸ್ತಿದ್ದಾಗ ಅಂಥೋನೊಬ್ಬ ಬಂದು ಟ್ರ್ಯಾಕ್ಟರ್ ಫೋಟೋ ಹಿಡ್ಕೊಂಡು ಐದು ಸಾವಿರ ಕೇಳಿದ. ಕೊಡದಿದ್ರೆ 'ಅಕ್ರಮ ಮಣ್ಣು ಸಾಗಾಟ' ಅಂತ ಬರೀತಾನಂತೆ. ಪಂಚಾಯ್ತಿಗೆ ಹೇಳಿಯೇ ಹೊಡೆಸ್ತಿದ್ದೆ, ಬರ್ಕೋ ಹೋಗು ಅಂದೆ. ಬರೀಲೇ ಇಲ್ಲ. ಆಮೇಲೆ ಗೊತ್ತಾಯ್ತು, ಆತನ ಪತ್ರಿಕೆ ಅಚ್ಚಾಗಿಯೇ ಎಂಟು ತಿಂಗಳಾಗಿತ್ತು!

ಹಂಗಂತ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬೋದು ಸರೀನಾ? ಕೊಬ್ಬರೀಲಿ ಕೌಟು ಬಂದ್ರೆ ಆರಿಸಿ ತೆಗೀತೀವಲ್ಲ, ಅಟ್ಟವನ್ನೇ ಸುಡಲ್ಲ. ಪತ್ರಿಕೆಯನ್ನೂ ಆರಿಸಿ ನೋಡಬಹುದು. ಪ್ರತಿ ವಾರ ಬರುತ್ತಾ? ಕೊನೇ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ ಸಂಪಾದಕರು ಯಾರು, ಪ್ರಕಾಶಕರು ಯಾರು, ಯಾವ ಮುದ್ರಣಾಲಯ ಅಂತ ಇದೆಯಾ? ಅದನ್ನ ಹಾಕಲೇಬೇಕು ಅಂತ ಬ್ರಿಟಿಷರ ಕಾಲದ 1867ರ ಕಾನೂನೇ ಹೇಳ್ತಿತ್ತು. ಆ ಕಾನೂನಿನ ಬದಲಿಗೆ 2023ರಲ್ಲಿ ಹೊಸದು ಬಂತು. ಸುಳ್ಳು ಬರೆದಿದ್ರೆ ಆ ವಿಳಾಸಕ್ಕೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಬಹುದು. ಕೇಳಿದರೂ ಬಗ್ಗದಿದ್ರೆ ಪ್ರೆಸ್ ಕೌನ್ಸಿಲ್‌ಗೆ ದೂರು ಬರೀಬಹುದು, ಕೋರ್ಟಿಗೆ ಹೋಗಬಹುದು. ವಾಟ್ಸಾಪಲ್ಲಿ ಬರುತ್ತಲ್ಲ, 'ಫಾರ್ವರ್ಡೆಡ್ ಮೆನಿ ಟೈಮ್ಸ್' ಅಂತ, ಅದರ ವಿಳಾಸ ಯಾರಿಗೆ ಗೊತ್ತು? 2024ರಲ್ಲಿ ಬೆಂಬಲ ಬೆಲೆ ಕೊಬ್ಬರಿ ನೋಂದಣಿ ಟೈಮಲ್ಲಿ ನೋಡಿದ್ವಲ್ಲ. ಕ್ವಿಂಟಾಲಿಗೆ 12,000 ಅಂತ ಕೇಂದ್ರ ಹೇಳಿತ್ತು. ಇವತ್ತೇ ಕೊನೆ ಅಂತ ಒಂದು ಮೆಸೇಜು, ಇನ್ನೂ ಶುರುವೇ ಆಗಿಲ್ಲ ಅಂತ ಒಂದು, ಆಮೇಲೆ ಹಳೇ ನೋಂದಣಿ ರದ್ದು ಅಂತ ಇನ್ನೊಂದು. ಕೊನೇದು ನಿಜವಾಯ್ತು. ಆದ್ರೆ ಆ ಹೊತ್ತಿಗೆ ನಾನು ಯಾವ ಮೆಸೇಜನ್ನೂ ನಂಬೋದು ಬಿಟ್ಟಿದ್ದೆ. ಪಹಣಿ, ಆಧಾರ್, ಪಾಸ್‌ಬುಕ್ ಹಿಡ್ಕೊಂಡು ಬೆಳಗಿನ ಜಾವ ಹೋಗಿ ನಿಂತು ಎರಡು ದಿನ ಬರಿಗೈಲಿ ಬಂದೆ. ಮತ್ತೆ ನೋಂದಣಿ ಯಾವತ್ತು, ಯಾವ ಕಾಗದ ಬೇಕು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಈ ಬೋಂಡ ಕಟ್ಟೋ ಪೇಪರಿಂದ.

ಈಗ ಮುಖ್ಯ ವಿಷಯ. ಹುಟ್ಟುಹಬ್ಬದ ಫೋಟೋ.

ನಮ್ಮ ಊರ ಕೆರೆ ಹಳ್ಳದ ಕಥೆ ಮರೆತಿಲ್ಲ ತಾನೆ? ಮೇಲಿನಿಂದ ಕೆರೆಗೆ ನೀರು ತರೋ ಹಳ್ಳ, ಗ್ರಾಮ ನಕಾಶೆಯಲ್ಲಿ ಖರಾಬು ಅಂತ ಸ್ಪಷ್ಟವಾಗಿದೆ. ಸೈಟು ಮಾಡೋರೊಬ್ಬರು ರಾತ್ರೋರಾತ್ರಿ ಮಣ್ಣು ಹೊಡೆಸಿ ಮಟ್ಟ ಮಾಡಿ, ಎರಡಡಿ ಸಿಮೆಂಟ್ ಪೈಪ್ ಇಟ್ಟು ಕೈ ತೊಳ್ಕೊಂಡ್ರು. ಆ ಮುಂಗಾರಲ್ಲಿ ನೀರು ಕೆರೆಗೆ ಬರಲಿಲ್ಲ, ತಿರುಗಿ ನಾಲ್ಕು ಜನರ ತೋಟದಲ್ಲಿ ನಿಂತ್ಕೊಳ್ತು. ನನ್ನದೂ ಅದರಲ್ಲಿ ಒಂದು. ಅರ್ಜಿ ಕೊಟ್ವಿ, ಒಂದಲ್ಲ ಮೂರು ಸಲ. ಯಾವ ಕಚೇರಿ ಅಂತ ಈಗ ಬೇಡ. ದೊಡ್ಡ ಪೇಪರಿನವರಿಗೂ ಹೇಳಿದ್ವಿ, ಜಿಲ್ಲಾ ಪುಟದ ಮೂಲೇಲಿ ಎರಡು ಸಾಲು ಬಂತು. ಅವರ ತಪ್ಪೂ ಅಲ್ಲ ಬಿಡಿ, ಇಡೀ ಜಿಲ್ಲೆಗೆ ಇರೋ ಪುಟದಲ್ಲಿ ನಮ್ಮ ಹಳ್ಳಕ್ಕೆ ಎಷ್ಟು ಜಾಗ ಸಿಕ್ಕೀತು?

ಬಂದವರು ಈ ವಾರಪತ್ರಿಕೆ ಸಂಪಾದಕರು. ಹಳೇ ಟಿವಿಎಸ್‌ನಲ್ಲಿ ಬಂದ್ರು. ನಕಾಶೆಯ ನಕಲು ತಾವೇ ತೆಗೆಸ್ಕೊಂಡು ಬಂದಿದ್ರು. ನಮ್ಮ ಜೊತೆ ಹಗ್ಗ ಹಿಡಿದು ಹಳ್ಳ ಅಳೆದ್ರು. ನಕಾಶೇಲಿ ಅಗಲ ಎಷ್ಟು, ನೆಲದಲ್ಲಿ ಉಳಿದದ್ದು ಎಷ್ಟು, ಸರ್ವೆ ನಂಬರ್ ಸಮೇತ ಮೊದಲನೇ ಪುಟದಲ್ಲಿ ಹಾಕಿದ್ರು. ಮುಂದಿನ ವಾರ ಮತ್ತೆ ಹಾಕಿದ್ರು. ಮೂರನೇ ವಾರ, ನಾವು ಕೊಟ್ಟ ಮೂರು ಅರ್ಜಿಗಳ ತಾರೀಕು ಹಾಕಿ, ಉತ್ತರ ಎಲ್ಲಿ ಅಂತ ಕೇಳಿದ್ರು. ತಿಂಗಳೊಳಗೆ ಸರ್ವೆಯರ್ ಬಂದ್ರು, ಜೆಸಿಬಿ ಬಂತು. ಮುಂದಿನ ವರ್ಷ ಕೆರೆ ಕೋಡಿ ಬಿತ್ತು. ಬಾಗಿನ ಬಿಡೋ ದಿನ ವೇದಿಕೆ ಮೇಲೆ ಯಾರ್ಯಾರಿದ್ರು ಅಂತ ನಿಮಗೆ ಗೊತ್ತು. ಸಂಪಾದಕರು ಕೆಳಗೆ ನಿಂತು ಫೋಟೋ ತೆಗೀತಿದ್ರು.

ಆಗ ನಾವು ಮಾಡಿದ್ದೇನು? ಪತ್ರಿಕೆ ಮೊದಲ ಪುಟದ ಫೋಟೋ ತೆಗೆದು ಎಲ್ಲ ಗ್ರೂಪಿಗೂ ಹಾಕಿದ್ವಿ. ನನ್ನ ಫೋನಲ್ಲಿ ಇನ್ನೂ ಇದೆ. ಬಿಟ್ಟಿ ಓದಿದ್ವಿ, ಬಿಟ್ಟಿ ಓದಿಸಿದ್ವಿ. ಆ ಸಂಚಿಕೆ ಐದು ರೂಪಾಯಿ ಕೊಟ್ಟು ತಗೊಂಡವರು ನಮ್ಮೂರಲ್ಲಿ ಎಷ್ಟು ಜನ? ಸೈಟಿನವರು ಮಾತ್ರ ಲೆಕ್ಕ ಸರಿಯಾಗಿ ಇಟ್ಕೊಂಡಿದ್ರು. ದಸರಾಕ್ಕೆ, ದೀಪಾವಳಿಗೆ ಕೊಡ್ತಿದ್ದ ಅರ್ಧ ಪುಟದ ಜಾಹೀರಾತು ನಿಲ್ಲಿಸಿದ್ರು. ಅವರ ಸ್ನೇಹಿತರು ಇಬ್ಬರೂ ನಿಲ್ಲಿಸಿದ್ರು. ಇದು ನನಗೆ ಗೊತ್ತಾಗಿದ್ದು ಈ ಭಾನುವಾರ.

ಹೇಳಿ, ಆ ಜಾಗ ತುಂಬೋಕೆ ಅವರು ಹುಟ್ಟುಹಬ್ಬದ ಫೋಟೋ ಹಾಕದೆ ಇನ್ನೇನು ಮಾಡಬೇಕಿತ್ತು? ಮುದ್ರಣದವರು ಸಾಲ ಬರ್ಕೊಳ್ತಾರಾ? ಕಾಗದಕ್ಕೂ ಜಿಎಸ್‌ಟಿ ಇದೆ. ಪತ್ರಿಕೆ ಯಾರ ದುಡ್ಡಲ್ಲಿ ನಡೆಯುತ್ತೋ ಅವರ ಮುಖ ಅದರಲ್ಲಿ ಕಾಣುತ್ತೆ. ನಮ್ಮ ದುಡ್ಡು ಒಂದು ಪೈಸೆ ಇಲ್ಲ, ನಮ್ಮ ಮುಖ ಯಾಕೆ ಕಾಣ್ತಿಲ್ಲ ಅಂತ ಬೈತಾ ಇದೀವಿ.

ಓದುಗರ ದುಡ್ಡಲ್ಲಿ ಪತ್ರಿಕೆ ನಡೆಯಲ್ಲ ಅನ್ನೋರಿಗೆ ಒಂದೆರಡು ಮಾತು. ನಾನು ಎಸ್ಸೆಸ್ಸೆಲ್ಸಿ ಓದೋ ಕಾಲಕ್ಕೆ ಕಟಿಂಗ್ ಶಾಪಲ್ಲಿ ಲಂಕೇಶ್ ಪತ್ರಿಕೆ ಇರ್ತಿತ್ತು. ಕಪ್ಪು ಬಿಳುಪು. 1980ರಲ್ಲಿ ಶುರು ಮಾಡಿದಾಗಿಂದ ಲಂಕೇಶರು ಜಾಹೀರಾತು ತಗೊಳ್ಳಲಿಲ್ಲ, ಜನ ಕೊಂಡ ದುಡ್ಡಲ್ಲೇ ನಡೆಸಿದ್ರು. ಮುಖ್ಯಮಂತ್ರಿಗಳನ್ನೂ ಬಿಡದೆ ಬರೆಯೋ ಧೈರ್ಯ ಅಲ್ಲಿಂದ ಬಂದದ್ದು. ಮಂಗಳೂರಲ್ಲಿ 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಕೂಡಿಸಿ ಮುಂಗಾರು ದಿನಪತ್ರಿಕೆ ತಂದ್ರು. ಅದು ಬಹಳ ವರ್ಷ ಬಾಳಲಿಲ್ಲ, ಅದನ್ನ ಮುಚ್ಚಿಡಲ್ಲ. ಷೇರು ಒಂದು ಸಲ ಕೊಡೋದು ಸುಲಭ, ದಿನಾ ಕೊಂಡು ಓದೋದು ಕಷ್ಟ ಅನ್ಸುತ್ತೆ ನನಗೆ.

ನಮಗೆ ಹತ್ತಿರದ್ದು ಅಂದ್ರೆ ಪುತ್ತೂರಿನ ಅಡಿಕೆ ಪತ್ರಿಕೆ. 1988ರಿಂದ ತಿಂಗಳು ತಿಂಗಳು ಬರ್ತಿದೆ. ಶ್ರೀಪಡ್ರೆಯವರು ಕೃಷಿಕರ ಕೈಗೇ ಲೇಖನಿ ಕೊಟ್ಟು, ಬರೆಯೋದು ಹೇಗೆ ಅಂತ ಶಿಬಿರ ಮಾಡಿ ಕಲಿಸಿದ್ರು. ನಾನು ಈ ಪುಟದಲ್ಲಿ ಏನೋ ಗೀಚೋದಕ್ಕೆ ಅದನ್ನ ಓದಿದ್ದೇ ಕಾರಣ. ಹೆಸರು ಅಡಿಕೆ, ಆದ್ರೆ ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದ್ರು. ನಮ್ಮಲ್ಲಿ ಆಗ ಹಲಸು ಬಿದ್ದು ಕೊಳೀತಿತ್ತು, ಮಿಕ್ಕಿದ್ದು ದನಕ್ಕೆ. ಈಗ ಚೇಳೂರು ಕಡೆಯ ಸಿದ್ದು ಹಲಸಿನ ಸಸಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ರೈತ ಬರೆದು ರೈತ ಓದೋ ಪತ್ರಿಕೆ ಮೂವತ್ತು ವರ್ಷ ದಾಟಿ ನಿಲ್ಲುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ನಮ್ಮ ಸಂಪಾದಕರು ದೇವರಲ್ಲ. ಹೋದ ಪಂಚಾಯ್ತಿ ಎಲೆಕ್ಷನ್ನಲ್ಲಿ ಒಂದೇ ಸಂಚಿಕೇಲಿ ಒಂದೇ ವಾರ್ಡಿನ ಮೂರು ಜನರಿಗೂ 'ಗೆಲುವು ಖಚಿತ' ಅಂತ ಹಾಕಿದ್ರು. ದುಡ್ಡು ತಗೊಂಡೇ ಹಾಕಿರೋದು, ಅನುಮಾನ ಬೇಡ. ನಾನು ಅವರ ಮುಖಕ್ಕೇ ಹೇಳಿದೀನಿ. ಅವರು "ಆ ಮೂರರಿಂದ ಎರಡು ತಿಂಗಳ ಅಚ್ಚಿನ ಬಾಕಿ ತೀರ್ತು ಗೌಡ್ರೆ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ತಪ್ಪು ತಪ್ಪೇ. ಆದ್ರೆ ಬೈಯೋ ಮೊದಲು ನನ್ನ ಒಂಬೈನೂರು ಜೇಬಲ್ಲಿತ್ತಲ್ಲ.

ಭಾನುವಾರ ಹೋಗಿದ್ದೆ. ಆಫೀಸು ಅಂದ್ರೆ ಅವರ ಮನೆ ಮುಂದಿನ ಕೋಣೆ. ಅವರ ಹೆಂಡತಿ ಕೂತು ವಿಳಾಸದ ಚೀಟಿ ಅಂಟಿಸ್ತಾ ಇದ್ರು. ಯುಗಾದಿಗೆ ನಿಲ್ಲಿಸ್ತಾರಂತೆ. ಚಂದಾದಾರರ ಪುಸ್ತಕ ತೋರಿಸಿದ್ರು: ಮುನ್ನೂರ ಹತ್ತು ಹೆಸರು, ಈ ವರ್ಷ ದುಡ್ಡು ಕಟ್ಟಿರೋರು ಎಂಬತ್ತೇಳು. ನಮ್ಮೂರಿನ ಹೆಸರು ಹತ್ತೊಂಬತ್ತು, ಕಟ್ಟಿರೋರು ಒಬ್ಬರು, ಅದೂ ಸ್ಕೂಲ್ ಮೇಷ್ಟ್ರು, ವರ್ಗವಾಗಿ ಹೋದವರು. ಹಳ್ಳ ಬಿಡಿಸಿದ್ದರಿಂದ ಬದುಕಿದ ನಾಲ್ಕು ತೋಟದವರ ಹೆಸರೂ ಬಾಕಿ ಪಟ್ಟೀಲಿ ಇದೆ. ಟೀ ಅಂಗಡೀಲಿ ಆ ಮಾತು ಆಡಿದವರದ್ದೂ ಇದೆ, ಅಣ್ಣಾ, ನಾಲ್ಕು ವರ್ಷದ್ದು.

ಒಂಬೈನೂರು ಕೊಟ್ಟೆ. ಮುಂದಿನ ವರ್ಷದ್ದೂ ಸೇರಿಸಿ ಸಾವಿರದ ಇನ್ನೂರು ಮಾಡಿದೆ. ರಸೀದಿ ಪುಸ್ತಕ ಹುಡುಕೋಕೆ ಅವರಿಗೆ ಸುಮಾರು ಹೊತ್ತು ಹಿಡೀತು. ಕಾರ್ಬನ್ ಹಾಳೆ ಒಣಗಿಹೋಗಿತ್ತು, ನನ್ನ ನಕಲಲ್ಲಿ ಅಕ್ಷರ ಮೂಡಲಿಲ್ಲ. ಹಂಗೇ ಮಡಚಿ ಇಟ್ಕೊಂಡು ಬಂದೆ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಮತ್ತೆ ಹೋಗ್ತಾ ಇದೀನಿ. ನಮ್ಮೂರ ಉಳಿದ ಹದಿನೇಳು ಹೆಸರಿನ ಪಟ್ಟಿ ನನ್ನ ಹತ್ರ ಇದೆ, ಇಲ್ಲಿ ಹಾಕಲ್ಲ, ಮಾನ ಇರಲಿ. ಶನಿವಾರದೊಳಗೆ ಮನೆ ಹತ್ರ ತಂದುಕೊಡಿ, ಇಲ್ಲ ಅಂದ್ರೆ ನೀವೇ ಬನ್ನಿ. ಬರೋರು ಬರುವಾಗ ಒಂದು ಹೊಸ ಕಾರ್ಬನ್ ಹಾಳೆ ತನ್ನಿ.

ಕಾಯಿ ಸುಲಿಯೋರು ಬಂದಿದಾರೆ, ಹೋಗ್ತೀನಿ.