ಕುಡಿತ ಬಿಟ್ಟವನ ಕೈ ನಡುಗಿದರೆ ಹೊಣೆ ಯಾರದು?

ಇಪ್ಪತ್ತು ವರ್ಷ ದಿನವೂ ಕುಡಿದ ಗಿರಣಿ ಕಾರ್ಮಿಕನೊಬ್ಬ ಒಂದು ಸೋಮವಾರ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟನೆನ್ನಿ. ಮಂಗಳವಾರ ಬೆಳಿಗ್ಗೆ ಚಹದ ಲೋಟ ಹಿಡಿಯಲಾರದಷ್ಟು ಕೈ ನಡುಗುತ್ತದೆ. ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ತೊಳಸು. ರಾತ್ರಿ ಕಣ್ಣಿಗೆ ನಿದ್ದೆ ಹತ್ತಿಲ್ಲ. ಮೇಸ್ತ್ರಿ 'ಕೆಲಸಗಳ್ಳ' ಎನ್ನುತ್ತಾನೆ. ನೆರೆಯವರು 'ಸೋಗು' ಎನ್ನುತ್ತಾರೆ. ಗೆಳೆಯ 'ಒಂದು ಗುಟುಕು ಹಾಕು, ಸರಿಹೋಗುತ್ತದೆ' ಎನ್ನುತ್ತಾನೆ. ಗುಟುಕು ಒಳಗಿಳಿದೊಡನೆ ನಡುಕ ನಿಲ್ಲುತ್ತದೆ, ಆಣೆ ಮುರಿಯುತ್ತದೆ. ಆಮೇಲೆ ಕೇರಿಯೆಲ್ಲ ಒಂದೇ ಮಾತು: ನಾಯಿಯ ಬಾಲ ಡೊಂಕೇ!

ಈ ಮಾತನ್ನು ನಾವು ಒಪ್ಪುವುದಿಲ್ಲ. ಆ ನಡುಕ ಸೋಗಲ್ಲ, ಛಲದ ಕೊರತೆಯೂ ಅಲ್ಲ. ಅದು ರೋಗ. ರೋಗಕ್ಕೆ ಬೇಕಾದುದು ಚಿಕಿತ್ಸೆ, ಉಪದೇಶವಲ್ಲ.

ಮದ್ಯ ಮೆದುಳಿನ ಓಟಕ್ಕೆ ತಡೆ ಹಾಕುತ್ತದೆ. ದಿನವೂ ಕುಡಿಯುವವನ ಮೆದುಳು ಆ ತಡೆಯನ್ನು ಎದುರಿಸಲು ತನ್ನ ಬಿರುಸನ್ನು ಹೆಚ್ಚಿಸಿಕೊಂಡು ಸಮತೂಕ ಕಾಯುತ್ತದೆ. ಭಾರ ಎಳೆಯುತ್ತಿದ್ದ ಯಂತ್ರದಿಂದ ಭಾರವನ್ನು ಒಮ್ಮೆಗೇ ಕಳಚಿದರೆ ಅದು ಹುಚ್ಚುವೇಗದಲ್ಲಿ ತಿರುಗುತ್ತದೆಂಬುದನ್ನು ಗಿರಣಿಯವರಿಗೆ ನಾವು ಕಲಿಸಬೇಕಾಗಿಲ್ಲ. ಮೆದುಳಿನ ಗತಿಯೂ ಹಾಗೆಯೇ. ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ನಡುಕ ಶುರುವಾಗುತ್ತದೆ. ಹೆಚ್ಚಿನವರಿಗೆ ನಾಲ್ಕೈದು ದಿನಗಳಲ್ಲಿ ಇಳಿಯುತ್ತದೆ. ಆದರೆ ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಸನ್ನಿ ಹಿಡಿಯುತ್ತದೆ. ಗೋಡೆಯ ಮೇಲೆ ಹುಳುಹಾವು ಹರಿದಂತೆ ಕಾಣುತ್ತದೆ, ಹಗಲುರಾತ್ರಿಯ ಪರಿವೆ ಇರುವುದಿಲ್ಲ, ಜ್ವರ ಏರುತ್ತದೆ. ಮನೆಯವರು ದೆವ್ವ ಬಡಿಯಿತೆಂದು ಮಂತ್ರವಾದಿಯ ಬಳಿಗೆ ಓಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಈ ಸನ್ನಿಯಲ್ಲಿ ಜೀವ ಹೋಗುವುದುಂಟು.

ಇದು ಹೊಸ ಶೋಧವೇನಲ್ಲ. 1955ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು ಹತ್ತು ಮಂದಿ ಕೈದಿಗಳಿಗೆ ಚೆನ್ನಾಗಿ ಊಟ ಕೊಟ್ಟು ದಿನವೂ ಮದ್ಯ ಕುಡಿಸಿದರು. 48ರಿಂದ 87 ದಿನ ಕುಡಿದ ಆರು ಮಂದಿಗೆ ಒಮ್ಮೆಗೇ ನಿಲ್ಲಿಸಿದಾಗ ಇಬ್ಬರಿಗೆ ಫಿಟ್ಸ್ ಬಂತು, ಮೂವರಿಗೆ ಸನ್ನಿ ಹಿಡಿಯಿತು. ಕೈದಿಗಳ ಮೈಮೇಲೆ ಇಂಥ ಪ್ರಯೋಗ ನ್ಯಾಯವೇ ಎಂಬುದು ಬೇರೆಯೇ ಪ್ರಶ್ನೆ. ಆದರೆ ಹಸಿವಿನಿಂದಲ್ಲ, ಗುಣದೋಷದಿಂದಲ್ಲ, ಮದ್ಯ ನಿಂತುದರಿಂದಲೇ ಈ ಬಾಧೆ ಎಂಬುದು ಅಂದೇ ರುಜುವಾತಾಯಿತು.

ನಮ್ಮ ಕಣ್ಣೆದುರೇ ಇನ್ನೊಂದು ರುಜುವಾತು ನಡೆಯಿತು. 2020ರ ಮಾರ್ಚಿಯಲ್ಲಿ ಕೊರೋನಾ ಕಾರಣ ದೇಶಕ್ಕೆ ಬೀಗ ಬಿತ್ತು, ಮದ್ಯದಂಗಡಿಗಳೂ ಮುಚ್ಚಿದವು. ಲಕ್ಷಾಂತರ ಜನರ ಕುಡಿತ ಒಂದೇ ಏಟಿಗೆ ನಿಂತಿತು. ಫಿಟ್ಸ್, ಸನ್ನಿ ಹಿಡಿದು ಆಸ್ಪತ್ರೆಗೆ ಬರುವವರು ಹೆಚ್ಚಾದರೆಂದು ಬೆಂಗಳೂರಿನ ವೈದ್ಯರೇ ಬರೆದಿಟ್ಟಿದ್ದಾರೆ. ಕೇರಳ ಸರಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು, ವೈದ್ಯರೇ ವಿರೋಧಿಸಿದರು, ಏಪ್ರಿಲ್ 2ರಂದು ಅಲ್ಲಿನ ಹೈಕೋರ್ಟು ತಡೆಯಿತು. ನಮ್ಮ ರಾಜ್ಯದಲ್ಲೋ, ಮೇ 4ರಂದು ಅಂಗಡಿಗಳ ಬಾಗಿಲು ತೆರೆಯಿತು, ಸಾಲು ಬೀದಿಯುದ್ದಕ್ಕೂ ಬೆಳೆಯಿತು. ಖಜಾನೆ ನಿಟ್ಟುಸಿರು ಬಿಟ್ಟಿತು. ಅಂಗಡಿ ತೆರೆಯಲು ಇದ್ದ ಆತುರ ಹಾಸಿಗೆ ತೆರೆಯಲು ಏಕೆ ಇರಲಿಲ್ಲ?

ಲೆಕ್ಕ ನೋಡಿ. 2025-26ರ ಆಯವ್ಯಯದಲ್ಲಿ ರಾಜ್ಯ ಸರಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಬರೆದುಕೊಂಡಿತು. ಮದ್ಯಪಾನವನ್ನು ನಿಷೇಧಿಸಲು ರಾಜ್ಯ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಗಾಂಧಿ ಜಯಂತಿಯ ದಿನ ಆ ಮಾತಿನ ಭಾಷಣ. ಉಳಿದ ದಿನ ಈ ಗುರಿಯ ವಸೂಲಿ. ಮಗುವನ್ನು ಚಿವುಟುವ ಕೈ, ತೊಟ್ಟಿಲು ತೂಗುವ ಕೈ ಎರಡೂ ಒಂದೇ. ಇಲ್ಲಿ ತೊಟ್ಟಿಲನ್ನಾದರೂ ತೂಗುತ್ತಿದೆಯೇ? ಧಣಿಗಳ ಮನೆಯವನಿಗೆ ಕೈ ನಡುಗಿದರೆ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹತ್ತು ದಿನದ 'ವಿಶ್ರಾಂತಿ'. ಕೂಲಿಯವನಿಗೆ ನಡುಗಿದರೆ ಹಾಜರಿಪುಸ್ತಕದಲ್ಲಿ ಗೈರುಹಾಜರಿ. ಚಿಲ್ಲರೆ ಅಂಗಡಿಕಾರನಿಗೆ ಇ.ಎಸ್.ಐ. ಕೂಡ ಇಲ್ಲ, ಒಂದು ವಾರ ಬಾಗಿಲೆಳೆದರೆ ಗಿರಾಕಿಯೂ ಹೋದ, ಗಂಜಿಯೂ ಹೋಯಿತು.

'ಹಾಗಾದರೆ ಕುಡಿಯುತ್ತಲೇ ಇರಲಿ ಎನ್ನುತ್ತೀರಾ?' ಎಂದು ಕೇಳುವವರಿದ್ದಾರೆ. ಇಲ್ಲ, ಬಿಡಲೇಬೇಕು. ಬಿಡುವವನು ಬದುಕಿಕೊಂಡು ಬಿಡಲಿ ಎನ್ನುತ್ತೇವೆ. 'ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಬೇಕಲ್ಲ?' ಎನ್ನುವವರಿಗೆ ನಮ್ಮ ಬಳ್ಳಾರಿಯೇ ಉತ್ತರ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತರಬಹುದೆಂದು ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು ಇಡೀ ದೇಶದ ಯೋಜನೆ 1996ರಲ್ಲಿ ಹೊರಟಿತು. ಈ ನಡುಕಕ್ಕೆ ಬೇಕಾದ ಮದ್ದೂ ದುಬಾರಿಯಲ್ಲ: ಕೆಲವು ದಿನ ವೈದ್ಯರ ಕಣ್ಣಳತೆಯಲ್ಲಿ ಕೊಟ್ಟು ಇಳಿಸುವ ಗುಳಿಗೆ, ಮೆದುಳು ಕಾಯುವ ಬಿ-1 ಜೀವಸತ್ವ, ನೋಡಿಕೊಳ್ಳುವ ದಾದಿ.

ಬಾಂಧವರೇ, ನಿಮಗೂ ನಾಲ್ಕು ಮಾತು. ದಿನವೂ ಕುಡಿಯುವವರು, ಬೆಳಿಗ್ಗೆ ಕುಡಿಯದೆ ಕೈ ನಿಲ್ಲದವರು, ಹಿಂದೆ ಫಿಟ್ಸ್ ಬಂದವರು ವೈದ್ಯರನ್ನು ಕಾಣದೆ ಒಮ್ಮೆಗೇ ಬಿಡಬೇಡಿ. ಔಷಧದಂಗಡಿಯಲ್ಲಿ ನಿದ್ದೆಗುಳಿಗೆ ಕೊಂಡು ನಿಮಗೆ ನೀವೇ ವೈದ್ಯರಾಗಬೇಡಿ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ, ಗುಳಿಗೆಗಳನ್ನು ನಂಬಬೇಡಿ. ಡೈಸಲ್ಫಿರಾಮ್ ಎಂಬ ಮದ್ದು ಹೊಟ್ಟೆಯಲ್ಲಿರುವುದನ್ನು ಅರಿಯದೆ ಕುಡಿದರೆ ಪ್ರಾಣಕ್ಕೇ ಸಂಚಕಾರ. ಫಿಟ್ಸ್, ಬಡಬಡಿಕೆ, ಜ್ವರ ಕಂಡರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಸಲಹೆಗೆ 14416 ಇದೆ.

ಸರಕಾರದ ಮುಂದೆ ನಮ್ಮ ಬೇಡಿಕೆ ಮೂರೇ. ಒಂದು: ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಡಿತ ಬಿಡುವವರಿಗೆಂದೇ ಹಾಸಿಗೆ ಮೀಸಲಿಡಬೇಕು, ತರಬೇತಿ ಪಡೆದ ವೈದ್ಯ, ದಾದಿ, ಮದ್ದು ಸದಾ ಇರಬೇಕು. ಎರಡು: ಆ ದಿನಗಳನ್ನು ಕಾಯಿಲೆಯ ರಜೆಯೆಂದು ಎಣಿಸಬೇಕು, ಆ ಕಾರಣಕ್ಕೆ ಯಾರ ಕೆಲಸವೂ ಹೋಗಕೂಡದು. ಮೂರು: ಇದರ ವೆಚ್ಚವನ್ನು ಅಬಕಾರಿ ಹಣದಿಂದಲೇ ತೆಗೆಯಬೇಕು.

ಆ ಹಣ ದಾನವಲ್ಲ. ನಡುಗುವ ಕೈಗಳೇ ತುಂಬಿಸಿದ ಖಜಾನೆ ಅದು. ನಮ್ಮ ಹಣದಲ್ಲಿ ನಮ್ಮವನಿಗೊಂದು ಹಾಸಿಗೆ ಕೇಳುತ್ತಿದ್ದೇವೆ. ಕೊಡುವವರೆಗೆ ಕೇಳುತ್ತೇವೆ.