ವಿಮಾನದ ಬ್ರೇಕಿಗೆ ಟ್ರ್ಯಾಕ್ಟರ್ ಅಂಗಡಿಯ ಪೈಪ್ ಸಾಕೇ?

ಹಳ್ಳಿ ಹುಡುಗನೊಬ್ಬ ಮನೆಯಲ್ಲೇ ವಿಮಾನ ಕಟ್ಟಿದ ಎನ್ನುವ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನೋಡಿದವರೆಲ್ಲ ಕೇಳುವುದು ಒಂದೇ: 'ಇದು ಹಾರುತ್ತಾ?' ನಾವು ಕೇಳಬೇಕೆಂದಿರುವುದು ಬೇರೆ. ಇಳಿದ ಮೇಲೆ ಇದು ನಿಲ್ಲುತ್ತಾ?

ಮನೆಯಲ್ಲಿ ವಿಮಾನ ಕಟ್ಟುವುದೇ ಸುಳ್ಳು ಎನ್ನುವಂತಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಟ್ಟಿದ್ದರು. 2017ರಲ್ಲಿ ಡಿಜಿಸಿಎ ಅದನ್ನು ನೋಂದಣಿ ಮಾಡಿಕೊಂಡಿತು. ಅಂಥ ಒಂದು ಪುಟ್ಟ ವಿಮಾನವನ್ನು ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಯಾರಾದರೂ ಕಟ್ಟಲು ಹೊರಟರು ಎಂದುಕೊಳ್ಳೋಣ. ಬ್ರೇಕಿಗೆ ಬೇಕಾದ ಪೈಪು, ನಟ್ಟು, ಆಯಿಲ್ ಎಲ್ಲವೂ ಊರಿನ ಅಂಗಡಿಗಳಲ್ಲೇ ಸಿಕ್ಕಂತೆ ಕಾಣುತ್ತದೆ. ತಂಬಾಕು, ಭತ್ತ ಸಾಗಿಸುವ ಟ್ರ್ಯಾಕ್ಟರುಗಳಿರುವ ಕಡೆ ಹೈಡ್ರಾಲಿಕ್ ಪೈಪಿಗೇನು ಬರ?

ಪೆಡಲ್ ತುಳಿದಾಗ ಆಗುವುದೇನು ನೋಡಿ. 16 ಮಿಲಿಮೀಟರ್ ಅಗಲದ ಪಿಸ್ಟನ್ ಮೇಲೆ 60 ಕಿಲೋ ಭಾರ ಬಿದ್ದರೆ ಪೈಪಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋ ಒತ್ತಡ ಹುಟ್ಟುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಹದಿಮೂರು ಪಟ್ಟು! ಜೊತೆಗೆ, ಹಲವು ಸಣ್ಣ ವಿಮಾನಗಳಲ್ಲಿ ಎಡ ಪೆಡಲ್ ಎಡ ಚಕ್ರಕ್ಕೆ, ಬಲ ಪೆಡಲ್ ಬಲ ಚಕ್ರಕ್ಕೆ. ಒಂದು ಕಡೆಯ ಪೈಪ್ ಸೋರಿದರೆ ಬ್ರೇಕ್ ಅರ್ಧವಾಯಿತು ಎಂದಷ್ಟೇ ಅಲ್ಲ, ವಿಮಾನ ಇನ್ನೊಂದು ಕಡೆಗೆ ಎಳೆದುಕೊಂಡು ರನ್‌ವೇ ಬಿಟ್ಟು ಹೋಗಬಹುದು.

ಮನೆಯ ಆರ್‌ಒ ವಾಟರ್ ಫಿಲ್ಟರಿನ ಪ್ಲಾಸ್ಟಿಕ್ ಪೈಪ್ ಕಾಲು ಇಂಚಿನದು. ಹಲವು ಹೋಮ್‌ಬಿಲ್ಟ್ ವಿಮಾನಗಳ ಬ್ರೇಕ್ ಪೈಪೂ ಕಾಲು ಇಂಚಿನದೇ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತಿರುತ್ತವೆ. ಆದರೆ ನೀರಿನ ಪೈಪ್ ಈ ಒತ್ತಡಕ್ಕಾಗಿ ಮಾಡಿದ್ದಲ್ಲ. ವಿಮಾನಕ್ಕೆಂದೇ ಮಾಡಿದ ನೈಲಾನ್ ಪೈಪ್ ಕೂಡ ಬಿಸಿಯಾದ ಡಿಸ್ಕಿನ ಹತ್ತಿರ ಮೆತ್ತಗಾಗುತ್ತದೆ. ಹಾಗಾಗಿ ಅನುಭವಿಗಳು ಮೆದು ಅಲ್ಯೂಮಿನಿಯಂ ಕೊಳವೆ ಎಳೆದು, ಚಕ್ರದ ಬಳಿ ಮಾತ್ರ ಉಕ್ಕಿನ ಜಾಲರಿ ಹೊದಿಸಿದ ಹೋಸ್ ಹಾಕುತ್ತಾರೆ. ದುಬಾರಿ, ನಿಜ.

ಇನ್ನು ಜೋಡಣೆ. ನಮ್ಮ ಲೆಕ್ಕದಲ್ಲಿ ಜನ ಅತಿ ಸುಲಭವಾಗಿ ಮೋಸಹೋಗುವುದು ಇಲ್ಲೇ. ಕೊಳವೆಯ ಬಾಯಿಯನ್ನು ಕೊಳಲಿಯಂತೆ ಅಗಲಿಸಿ ನಟ್ಟಿನಿಂದ ಬಿಗಿಯುವುದನ್ನು ಫ್ಲೇರ್ ಎನ್ನುತ್ತಾರೆ. ಫ್ರಿಜ್, ಎಸಿ ರಿಪೇರಿಯವರ ಬಳಿ ಇರುವ ಫ್ಲೇರಿಂಗ್ ಟೂಲ್ ಸಾಮಾನ್ಯವಾಗಿ 45 ಡಿಗ್ರಿಯದು. ವಿಮಾನದ ಫಿಟ್ಟಿಂಗ್ 37 ಡಿಗ್ರಿಯದು. ಎಂಟು ಡಿಗ್ರಿ ಕಣ್ಣಿಗೆ ಬೀಳುವುದಿಲ್ಲ, ನಟ್ಟು ಬಿಗಿಯೂ ಆಗಬಹುದು, ಗ್ಯಾರೇಜಿನಲ್ಲಿ ಒಂದು ಹನಿಯೂ ಸೋರದಿರಬಹುದು. ಆದರೆ ಲೋಹ ಕೂತಿರುವುದು ಪೂರ್ತಿ ಮುಖದ ಮೇಲಲ್ಲ, ಒಂದು ಗೆರೆಯ ಮೇಲೆ. ಎಂಜಿನ್ ನಡುಕಕ್ಕೆ ಅಲ್ಲೇ ಬಿರುಕು ಬಿಡುತ್ತದೆ. ಸೋರಿದರೆ ಟೆಫ್ಲಾನ್ ಟೇಪ್ ಸುತ್ತೋಣ ಎಂದರೆ ಅದೂ ತಪ್ಪು. ಇಲ್ಲಿ ಸೋರಿಕೆ ತಡೆಯುವುದು ಆ ಇಳಿಜಾರು ಮುಖ, ಮರೆಯಲ್ಲ. ಟೇಪಿನ ಚೂರು ಒಳಗೆ ಹೋದರೆ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಟ್ರ್ಯಾಕ್ಟರ್ ಅಂಗಡಿಯದು ಪೂರ್ತಿ ನಿರುಪಯೋಗವೇ? ಹಾಗೆನ್ನಲಾಗದು. ಹೈಡ್ರಾಲಿಕ್ ಯಂತ್ರಗಳಲ್ಲಿ 37 ಡಿಗ್ರಿಯ ಫಿಟ್ಟಿಂಗುಗಳೂ ಇವೆ, ಕೆಲವು ವಿಮಾನದ್ದಕ್ಕೆ ಕೂರುತ್ತವೆ ಕೂಡ. ಆದರೆ ಮರೆ ಕೊರೆದಿರುವ ನಿಖರತೆ ಬೇರೆ. ಕೂತಿತು ಎನ್ನುವುದೊಂದೇ ಪುರಾವೆಯಲ್ಲ.

ಕೊನೆಯದು ಆಯಿಲ್. ಇದು ನಿಮ್ಮ ಮನೆ ಮುಂದೆ ನಿಂತಿರುವ ಕಾರಿಗೂ ಸಂಬಂಧಪಟ್ಟಿದ್ದು. ಹೆಚ್ಚಿನ ಸಣ್ಣ ವಿಮಾನಗಳ ಬ್ರೇಕಿನಲ್ಲಿ ಕೆಂಪು ಬಣ್ಣದ ಖನಿಜ ತೈಲ ಇರುತ್ತದೆ. ಕಾರು, ಬೈಕುಗಳಲ್ಲಿ ಸಾಮಾನ್ಯವಾಗಿ ಡಾಟ್ 3 ಅಥವಾ ಡಾಟ್ 4. ಅದನ್ನು ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಎರಡಕ್ಕೂ ರಬ್ಬರ್ ಸೀಲ್ ಬೇರೆ ಬೇರೆ. ಕಾರಿನ ಬ್ರೇಕಿನ ರಬ್ಬರಿಗೆ ಖನಿಜ ತೈಲ ತಾಕಿದರೆ ಅದು ಊದಿಕೊಳ್ಳುತ್ತದೆ. ವಿಮಾನದ ರಬ್ಬರಿಗೆ ಡಾಟ್ 4 ತಾಕಿದರೆ ಅದೂ ಹಾಳಾಗುತ್ತದೆ. ಕೆಲವು ವಿಮಾನಗಳ ಬ್ರೇಕ್ ಡಾಟ್ 4ಕ್ಕೇ ತಯಾರಾಗಿರುತ್ತದೆ, ಅದಕ್ಕೆ ತಯಾರಕರು ಬರೆದದ್ದೇ ಪ್ರಮಾಣ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿಯದನ್ನು ಹಾಕಬೇಡಿ ಎನ್ನುವುದು ಇದಕ್ಕೇ.

ಎಚ್.ಡಿ. ಕೋಟೆ ಕಡೆಯ ಕಾಡುದಾರಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಯಿತು, ಕೈಯಲ್ಲಿರುವ ಎಂಜಿನ್ ಆಯಿಲನ್ನೇ ಸ್ವಲ್ಪ ಸುರಿಯೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಆಗಲೇ ಸುರಿದಾಗಿದ್ದರೆ ಪೆಡಲ್ ತುಳಿಯಬೇಡಿ, ಗಾಡಿ ಓಡಿಸಬೇಡಿ, ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ತೈಲ ಡಬ್ಬಿಯಲ್ಲೇ ಇದ್ದರೆ ತೆಗೆದು ತೊಳೆದರೆ ಮುಗಿಯಬಹುದು. ಕೆಳಗಿಳಿದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗಿನ ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ. ಯಾವ ದ್ರವ ಹಾಕಬೇಕೆಂದು ಆ ಡಬ್ಬಿಯ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ.