ಹನ್ನೊಂದರಲ್ಲಿ ಆರು ನನ್ನದು

ಮೊನ್ನೆ ಟೀಮ್ ಔಟಿಂಗ್ ಅಂತ ಆಫೀಸಿನವರೆಲ್ಲ ಮಾಲ್ ಒಂದರ ಗೇಮ್ ಜೋನ್‌ಗೆ ಹೋಗಿದ್ವಿ. ಕೌಂಟರ್‌ನಲ್ಲಿ ದುಡ್ಡು ತುಂಬಿಸಿದ ಕಾರ್ಡ್ ಕೊಟ್ಟರು. ಅದನ್ನ ಮಿಷನ್‌ಗೆ ತಾಗಿಸಿದರೆ ಆಟ ಶುರು. ನಾನು ಮಾತ್ರ ಹಳೇ ಅಭ್ಯಾಸದಲ್ಲಿ ಬಗ್ಗಿ ಕಾಯಿನ್ ಹಾಕೋ ತೂತು ಹುಡುಕ್ತಾ ಇದ್ದೆ. "ಮೇಡಂ, ಏನಾದ್ರೂ ಬೀಳಿಸ್ಕೊಂಡ್ರಾ?" ಅಂತ ಟೀಮಿನ ಹೊಸ ಹುಡುಗ ಕೇಳಿದ.

1998. ಹಾಸನ. ನಾನು ನಾಲ್ಕನೇ ಕ್ಲಾಸು, ಅಣ್ಣ ಎಂಟನೇ ಕ್ಲಾಸು. ಸಂಜೆ ನನ್ನನ್ನ ಟ್ಯೂಷನ್‌ನಿಂದ ಕರ್ಕೊಂಡು ಬರೋದು ಅವನ ಡ್ಯೂಟಿ. ದಾರಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ. ಶಟರ್ ಅರ್ಧ ಇಳಿಸಿ, ಒಳಗೆ ಕತ್ತಲೆ ಮಾಡಿ, ನಾಲ್ಕು ಮಿಷನ್ ಇಟ್ಟಿದ್ದರು. ಬೀಡಿ ಹೊಗೆ, ಬೆವರಿನ ವಾಸನೆ, ಗುಂಡಿ ಕುಟ್ಟೋ ಶಬ್ದ. ಹುಡುಗೀರು ಅಂತ ಅಲ್ಲಿ ಇದ್ದಿದ್ದು ನಾನೊಬ್ಬಳೇ. ಅದೂ ಅಣ್ಣನ ಬಾಲವಾಗಿ.

ಸ್ಟ್ರೀಟ್ ಫೈಟರ್ ಮಿಷನ್ ಮುಂದೆ ಕಾಲೇಜು ಹುಡುಗರು ನಿಂತಿರುತ್ತಿದ್ದರು, ನಮಗೆ ಜಾಗ ಇಲ್ಲ. ನಮ್ಮದು ಮೂಲೆಯ ಮುಸ್ತಫಾ. ಅದರ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಮಾಡಿದ್ದು, ಅದಕ್ಕೆ ಮೂಲ ಮಾರ್ಕ್ ಶುಲ್ಟ್ಜ್ ಅನ್ನೋ ಅಮೆರಿಕನ್ ಚಿತ್ರಕಾರನ ಕಾಮಿಕ್ಸು. ಇದೆಲ್ಲ ಗೊತ್ತಾಗಿದ್ದು ಗೂಗಲ್ ಬಂದಮೇಲೆ. ಆಗ ಯಾರಿಗೆ ಬೇಕಿತ್ತು? ಆಟದಲ್ಲಿ ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್ ಅಂತ ನಾಲ್ಕು ಜನ. ಹಳದಿ ಟೋಪಿಯ ಮುಸ್ತಫಾ ಎಲ್ಲರಿಗಿಂತ ಚುರುಕು, ಹಾಗಾಗಿ ಎಲ್ಲರಿಗೂ ಅವನೇ ಬೇಕು. ಕೊನೆಗೆ ಆಟಕ್ಕೇ ಅವನ ಹೆಸರು ಅಂಟಿಕೊಂಡಿತು.

ಮುಸ್ತಫಾ ಯಾವಾಗಲೂ ಅಣ್ಣನಿಗೆ. "ನೀನು ಹುಡುಗಿ ತಾನೇ, ಹುಡುಗೀನೇ ತಗೋ" ಅಂತ ನನಗೆ ಹ್ಯಾನಾ. ಬೇಜಾರಾಗ್ತಿತ್ತು. ಆದ್ರೆ ಕೆಳಗೆ ಬಿದ್ದ ಕತ್ತಿ, ಬಂದೂಕು ಎತ್ಕೊಂಡ್ರೆ ಹ್ಯಾನಾನ ಮೀರಿಸೋರಿಲ್ಲ ಅಂತ ಸ್ವಲ್ಪ ದಿನಕ್ಕೆ ಗೊತ್ತಾಯ್ತು, ಅಣ್ಣನಿಗೆ ಹೇಳಲಿಲ್ಲ.

ಅವನದ್ದು ಒಂದೇ ಕಂಡೀಷನ್. "ನಿನ್ನ ಕಾಯಿನ್ ನೀನೇ ತಂದ್ಕೋಬೇಕು."

ಒಂದು ಆಟಕ್ಕೆ ಒಂದು ರೂಪಾಯಿ. ತೂತಿನಲ್ಲಿ ನಾಣ್ಯ ಬಿಟ್ಟರೆ ಅದು ಒಳಗೆ ಉರುಳಿ ಒಂದು ತಂತಿಯನ್ನ ಒತ್ತುತ್ತೆ, ಟಕ್ ಅನ್ನುತ್ತೆ, ಸ್ಕ್ರೀನಿನಲ್ಲಿ ಕ್ರೆಡಿಟ್ ಒಂದು ಜಾಸ್ತಿ ಆಗುತ್ತೆ. ಆ ಟಕ್ ಕೇಳೋಕೆ ನಾನು ಏನು ಬೇಕಾದರೂ ಮಾಡೋಕೆ ತಯಾರಿದ್ದೆ. ಮಾಡಿದೆ ಕೂಡ.

ಅಣ್ಣ ಆರನೇ ಕ್ಲಾಸಿನಲ್ಲಿದ್ದಾಗ ಟೈಫಾಯ್ಡ್ ಬಂದು ಹೈರಾಣಾಗಿದ್ದ. ಅಜ್ಜಿ ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೊತ್ತಿದ್ದರು. ಪ್ರತಿ ಸೋಮವಾರ ಒಂದು ರೂಪಾಯಿ, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಫೋಟೋ ಹಿಂದೆ. ನೂರೊಂದು ಆದಮೇಲೆ ಹೋಗಿ ಹುಂಡಿಗೆ ಹಾಕೋದು.

ಆ ಗಂಟಿನಿಂದ ನಾನು ಆರು ರೂಪಾಯಿ ತೆಗೆದೆ. ಒಂದೇ ಸಲ ಅಲ್ಲ, ಒಂದೂವರೆ ತಿಂಗಳಲ್ಲಿ. ಗಂಟಿನಲ್ಲಿ ಹಳೇ ಕಾಲದ ದೊಡ್ಡ ರೂಪಾಯಿಗಳೂ ಇದ್ದವು, ಅವು ಮಿಷನ್ ತೂತಿಗೆ ಹೋಗ್ತಿರಲಿಲ್ಲ. ಹಾಗಾಗಿ ಹೊಸ ಸ್ಟೀಲ್ ನಾಣ್ಯಗಳನ್ನೇ ಆರಿಸಿ ತೆಗೀತಿದ್ದೆ. ಮೊದಲನೇ ಸಲ ಅಣ್ಣ "ಎಲ್ಲಿಂದ ಬಂತೇ?" ಅಂದ. ಅವನಿಗೆ ಸುಳ್ಳು ಹೇಳೋದು ನನಗೆ ಆಗಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೇ ಕೊನೆ" ಅಂದ. ಆರು ಸಲವೂ ಹಾಗೇ ಅಂದ.

ಆ ಆರು ರೂಪಾಯಿಯಲ್ಲಿ ನಾವು ತುಂಬಾ ದೂರ ಹೋಗಿದ್ದು ಮೂರನೇ ಸ್ಟೇಜಿಗೆ. ಅಲ್ಲಿ ಕಾರು ಓಡಿಸೋಕೆ ಸಿಗುತ್ತೆ, ಎದುರಿಗೆ ಬಂದವರಿಗೆಲ್ಲ ಗುದ್ದಿಕೊಂಡು ಹೋಗಬಹುದು. ಸತ್ತರೆ ಸ್ಕ್ರೀನಿನಲ್ಲಿ ಒಂಬತ್ತು, ಎಂಟು, ಏಳು ಅಂತ ಎಣಿಕೆ. ಅಷ್ಟರೊಳಗೆ ಇನ್ನೊಂದು ರೂಪಾಯಿ ಹಾಕಿದರೆ ಬದುಕ್ತೀಯ. ಜೇಬಿನಲ್ಲಿ ಇಲ್ಲದ ರೂಪಾಯಿಗೆ ಅಷ್ಟು ಹಪಹಪಿಸಿದ್ದು ನಾನು ಬೇರೆ ಯಾವತ್ತೂ ಇಲ್ಲ. ಅಂಥ ಮಿಷನ್‌ಗಳಲ್ಲಿ ಆಟ ಎಷ್ಟು ಕಷ್ಟ ಇರಬೇಕು ಅಂತ ಮಿಷನ್ ಇಟ್ಟವರೇ ಸೆಟ್ ಮಾಡಬಹುದಂತೆ. ಇದನ್ನ ಈಚೆಗೆ ಓದಿದಾಗ ಸಿಟ್ಟು ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ಬೇಸಿಗೆ ರಜೆಯಲ್ಲಿ ಧರ್ಮಸ್ಥಳಕ್ಕೆ ಹೊರಡೋ ಹಿಂದಿನ ದಿನ ಅಜ್ಜಿ ನಡುಮನೆಯಲ್ಲಿ ಕೂತು ಗಂಟು ಬಿಚ್ಚಿದರು. ಎಣಿಸಿದರು. ಮತ್ತೆ ಎಣಿಸಿದರು. ತೊಂಬತ್ತು. ಹನ್ನೊಂದು ಕಡಿಮೆ.

ಅಪ್ಪನಿಗೆ ವಿಚಾರಣೆ ಬೇಕಾಗಲಿಲ್ಲ. ಅಣ್ಣ ಗೇಮ್ ಅಂಗಡಿಯಲ್ಲಿ ಇರ್ತಾನೆ ಅಂತ ಬೀದಿಯವರೆಲ್ಲ ಹೇಳಿದ್ದರು. ನನ್ನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಹುಡುಗಿ, ಅದೂ ಒಂಬತ್ತು ವರ್ಷದವಳು, ವಿಡಿಯೋ ಗೇಮಿಗೆ ಕದೀತಾಳಾ?

"ನಾನೇ ತಗೊಂಡಿದ್ದು" ಅಂದ ಅಣ್ಣ.

"ಎಷ್ಟು?"

"ಆರು."

"ಕದ್ದಿದ್ದೂ ಅಲ್ಲದೆ ಸುಳ್ಳು ಬೇರೆ!" ಅಪ್ಪ ಮರದ ಸ್ಕೇಲ್ ಎತ್ತಿಕೊಂಡರು. ಅಂಗೈ ಮೇಲೆ ಹನ್ನೊಂದು ಏಟು. ಆಮೇಲೂ ಅವನು ಆರು ಅಂತಲೇ ಹೇಳಿದ. ಅದಕ್ಕೆ ಇನ್ನೂ ನಾಲ್ಕು ಬಿತ್ತು. ನಾನು ಬಾಗಿಲ ಪರದೆ ಹಿಡ್ಕೊಂಡು ನಿಂತಿದ್ದೆ. ಬಾಯಿ ತೆಗೆಯಲಿಲ್ಲ. ಅವನು ನನ್ನನ್ನ ಒಂದೇ ಒಂದು ಸಲ ನೋಡಿದ. ಆ ನೋಟದ ಅರ್ಥ 'ಹೇಳಬೇಡ' ಅಂತಲಾ, 'ಇನ್ನು ಐದು ಯಾವಾಗ ತಗೊಂಡೆ' ಅಂತಲಾ, ನನಗೆ ತಿಳೀಲಿಲ್ಲ.

ಅವತ್ತು ರಾತ್ರಿ ಅಮ್ಮ ಅವನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಅವನಿಗಿಂತ ಜಾಸ್ತಿ ಅತ್ತಳು. ಅಪ್ಪ ಹನ್ನೊಂದು ರೂಪಾಯಿ ಸೇರಿಸಿ, ಮೇಲೆ ಹತ್ತು ರೂಪಾಯಿ ತಪ್ಪುಕಾಣಿಕೆ ಇಟ್ಟರು. ಅದನ್ನ ಅಣ್ಣನ ಕೈಯಲ್ಲೇ ಹುಂಡಿಗೆ ಹಾಕಿಸಿದರು. ಅವನು ಹುಷಾರಾಗಲಿ ಅಂತ ಕಟ್ಟಿದ ಮುಡಿಪು ಅದು! ಊದಿದ ಕೈಯಲ್ಲಿ ಅವನು ಹಾಕುವಾಗ ನಾನು ಅಜ್ಜಿಯ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ.

ಆಮೇಲೆ ಅಣ್ಣ ನನ್ನನ್ನ ಅಂಗಡಿಗೆ ಕರ್ಕೊಂಡು ಹೋಗಲಿಲ್ಲ. ಆ ವಿಷಯ ನಾವಿಬ್ಬರೂ ಎತ್ತಲೂ ಇಲ್ಲ. ಅಂಗಡಿ ಸೈಬರ್ ಕೆಫೆ ಆಯ್ತು, ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿ. ಅಜ್ಜಿ ಹೋದರು, ಅಪ್ಪನೂ ಹೋದರು.

ಮಾಲ್‌ನಿಂದ ಬಂದ ವಾರಕ್ಕೇ ಯುಗಾದಿ. ಊರಿಗೆ ಹೋದಾಗ ಅಣ್ಣನಿಗೆ ಕಾರ್ಡಿನ ಕಥೆ ಹೇಳಿದೆ. ಅವನು ನಗುತ್ತಾ ಲ್ಯಾಪ್‌ಟಾಪ್ ತೆಗೆದು ಮುಸ್ತಫಾ ಹಾಕಿದ. ಈಗ ಕೀಬೋರ್ಡಿನ ಒಂದು ಕೀ ಒತ್ತಿದರೆ ಒಂದು ಕಾಯಿನ್, ಎಷ್ಟು ಸಲ ಬೇಕಾದರೂ. ಎಂಟೂ ಸ್ಟೇಜ್ ಮುಗಿಸಿದ್ವಿ. ಸತ್ತಾಗ ಎಣಿಕೆ ಶುರುವಾದರೆ ಎದೆ ಡವಡವ ಅನ್ನಲೇ ಇಲ್ಲ, ಕೀ ಒತ್ತಿದರಾಯ್ತು. ಈ ಸಲವೂ ನಾನು ಹ್ಯಾನಾನೇ, ನಾನಾಗೇ ತಗೊಂಡೆ.

ಆಟ ಮುಗಿದಮೇಲೆ ಕೇಳೇಬಿಟ್ಟೆ. "ಅಣ್ಣ, ಆರು ನಂದು. ಉಳಿದ ಐದು ನೀನು ತಗೊಂಡಿದ್ಯಾ?"

"ನಾನು ಒಂದೂ ಮುಟ್ಟಿಲ್ಲ ಕಣೇ. ನೀನೇ ನನ್ನ ಹತ್ರ ಲೆಕ್ಕ ಕಡಿಮೆ ಹೇಳಿದ್ದೀಯ ಅಂದ್ಕೊಂಡಿದ್ದೆ, ಇಷ್ಟು ವರ್ಷ."

ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಅಮ್ಮನ ಕೈ ನಿಂತಿತು. ಆಚೆ ಬರಲಿಲ್ಲ, ಅಲ್ಲಿಂದಲೇ ಹೇಳಿದಳು. "ಐದು ನಾನು ತೆಗೆದಿದ್ದೆ ಕಣ್ರೋ. ಹಾಲಿನವನಿಗೆ ಕಡಿಮೆ ಬಿದ್ದಿತ್ತು. ವಾಪಸ್ ಇಡೋಣ ಅಂದ್ಕೊಂಡು ಮರೆತೆ. ಅತ್ತೆ ಮುಡಿಪಿಗೆ ಕೈ ಹಾಕಿದೆ ಅಂತ ನಿಮ್ಮಪ್ಪನ ಮುಂದೆ ಹೇಗೆ ಹೇಳ್ಲಿ?"

ಅಣ್ಣ ಅಂಗೈ ತಿರುಗಿಸಿ ನೋಡಿಕೊಂಡ. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ, "ಇನ್ನೊಂದು ಆಟ ಹಾಕು" ಅಂದ. "ಈ ಸಲ ನೀನೇ ಮುಸ್ತಫಾ ತಗೋ. ಅಮ್ಮ, ನನಗೆ ಎರಡು ಒಬ್ಬಟ್ಟು ಜಾಸ್ತಿ."